ಕಣ್ಣಿಗೆ ಬೀಳದ ಫಿಲ್ಟರ್: ಘಟ್ಟದ ಬುಡದ ಸಣ್ಣ ಕಾರು ಮತ್ತು ಬದಲಾದ ಇಂಧನ

ಅಂಕೋಲಾದ ಬಾಳೇಗುಳಿಯಲ್ಲಿ ಹುಬ್ಬಳ್ಳಿ ರಸ್ತೆಗೆ ತಿರುಗುವ ಹಳೆಯ ಸಣ್ಣ ಕಾರು ಸುಂಕಸಾಳ, ರಾಮನಗುಳಿ ದಾಟುವವರೆಗೆ ತಕರಾರಿಲ್ಲದೆ ಓಡುತ್ತದೆ. ಅರಬೈಲ್ ಘಟ್ಟದ ಏರಿನಲ್ಲಿ, ಹಿಂದಿನ ಸೀಟು ತುಂಬಿ ಡಿಕ್ಕಿಯಲ್ಲಿ ಸಾಮಾನೂ ಇದ್ದಾಗ, ಎರಡನೇ ಗೇರಿನಲ್ಲಿ ಆಕ್ಸಲರೇಟರ್ ಎಷ್ಟು ಒತ್ತಿದರೂ ಎಳೆಯದೆ ಜಗ್ಗತೊಡಗುತ್ತದೆ. ಇಡಗುಂದಿ ದಾಟಿ ರಸ್ತೆ ಸಮವಾದರೆ ಮತ್ತೆ ಏನೂ ಆಗದಂತೆ ಓಡುತ್ತದೆ. ಕದ್ರಾದ ಕಡೆಯಿಂದ ಕೈಗಾ ಮಾರ್ಗವಾಗಿ ಬಾರೆ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗುವವರ ಅನುಭವವೂ ಬೇರೆಯಲ್ಲ. ಗ್ಯಾರೇಜಿಗೆ ಒಯ್ದರೆ ಮೊದಲು ಪ್ಲಗ್ ಬದಲಾಗುತ್ತದೆ, ನಂತರ ಕ್ಲಚ್ ಮೇಲೆ ಅನುಮಾನ ಹುಟ್ಟುತ್ತದೆ, ಕೊನೆಗೆ ‘ಈಗಿನ ಪೆಟ್ರೋಲೇ ಸರಿ ಇಲ್ಲ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಇರುವ ಫ್ಯೂಯಲ್ ಫಿಲ್ಟರಿನ ಸರದಿ ಬರುವುದು ಬಹಳ ತಡವಾಗಿ.

ಕಾರಣ ಸರಳವಾದದ್ದು. ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಗಂಟೆಗೆ ಮೂರ್ನಾಲ್ಕು ಲೀಟರ್ ಇಂಧನ ಸಾಕು. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಘಟ್ಟದಲ್ಲಿ ಅದೇ ಎಂಜಿನ್ ಅದರ ಹಲವು ಪಟ್ಟು ಕೇಳುತ್ತದೆ, ಕೊರತೆ ಬಯಲಾಗುವುದು ಆಗ. ಬಯಲುಸೀಮೆಯ ಊರಿನೊಳಗೇ ಸುತ್ತುವ ಕಾರಿನಲ್ಲಿ ವರ್ಷಗಟ್ಟಲೆ ಮುಚ್ಚಿಹೋಗಿರುವ ದೋಷವನ್ನು ಉತ್ತರ ಕನ್ನಡದ ಭೂಗೋಳ ಒಂದೇ ಪ್ರಯಾಣದಲ್ಲಿ ಹೊರಗೆಳೆಯುತ್ತದೆ. ಈ ಜಿಲ್ಲೆಯಲ್ಲಿ ಕಾರು ಕೈಕೊಡುವ ಜಾಗಕ್ಕೂ ಬೇರೆ ಅರ್ಥವಿದೆ. 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ ಅರಬೈಲ್ ಘಟ್ಟ ಕುಸಿದದ್ದನ್ನೂ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂದದ್ದನ್ನೂ ಕಂಡವರಿಗೆ, ಆಷಾಢದ ಮಳೆಯಲ್ಲಿ ಗುಡ್ಡದ ಬುಡದಲ್ಲಿ ವಾಹನ ನಿಂತರೆ ಏನಾದೀತೆಂದು ವಿವರಿಸಬೇಕಿಲ್ಲ.

ಕೆಲವು ನೂರು ರೂಪಾಯಿಯ ಬಿಡಿಭಾಗವೊಂದನ್ನು ವಾರದ ಲೇಖನಕ್ಕೆ ವಿಷಯ ಮಾಡಿಕೊಳ್ಳುವುದು ಅತಿಯೆನಿಸಬಹುದು. ಆದರೆ ಕಳೆದ 25 ವರ್ಷಗಳಲ್ಲಿ ಈ ಭಾಗ ಇರುವ ಜಾಗ ಬದಲಾಗಿದೆ, ಅದರ ಮೂಲಕ ಹರಿಯುವ ಇಂಧನ ಬದಲಾಗಿದೆ, ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ಗಾಜಿನ ಬಟ್ಟಲಿನಿಂದ ಟ್ಯಾಂಕಿನ ತಳಕ್ಕೆ

ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಪೆಟ್ರೋಲನ್ನು ಮೇಲೆತ್ತುತ್ತಿದ್ದದ್ದು ಎಂಜಿನ್ನಿನ ಪಕ್ಕದ ಯಾಂತ್ರಿಕ ಪಂಪು. ಚಾಲಕರ ಬಾಯಲ್ಲಿ ಅದು ‘ಎ.ಸಿ. ಪಂಪ್’. ಅದಕ್ಕೆ ಅಂಟಿಕೊಂಡಂತೆ ಒಂದು ಗಾಜಿನ ಬಟ್ಟಲು ಇರುತ್ತಿತ್ತು. ಬಾನೆಟ್ ಎತ್ತಿದವರಿಗೆ ಬಟ್ಟಲಿನ ತಳದಲ್ಲಿ ಕುಳಿತ ಕೆಸರು, ನೀರಿನ ಗುಳ್ಳೆ ಬರಿಗಣ್ಣಿಗೆ ಕಾಣುತ್ತಿತ್ತು. ಬಿಚ್ಚಿ ಚೆಲ್ಲಿ, ತೊಳೆದು, ಮತ್ತೆ ಕೂರಿಸುವುದು ಚಾಲಕನ ದಿನಚರಿಯ ಭಾಗವಾಗಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಜತೆಗೆ ಪ್ಲಾಸ್ಟಿಕ್ ಫಿಲ್ಟರುಗಳ ಕಾಲ ಶುರುವಾಯಿತು. ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪಿನ ನಡುವೆ ಕೂರುತ್ತಿದ್ದ ಇದು ಪಾರದರ್ಶಕವಾಗಿದ್ದರೆ ಒಳಗಿನ ಕಾಗದ ಕಂದಾಗಿದೆಯೋ ಇಲ್ಲವೋ ಹೊರಗಿನಿಂದಲೇ ತಿಳಿಯುತ್ತಿತ್ತು. ಕಾಲುಗಂಟೆಯಲ್ಲಿ ಬದಲಿಸಬಹುದಾದ, ಯಾವ ಸ್ಪೇರ್ ಅಂಗಡಿಯಲ್ಲೂ ಸಿಗುತ್ತಿದ್ದ ಸಾಮಾನು ಅದು.

2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆ ನಿಯಮಗಳು ಬಿಗಿಯಾದಾಗ ಕಾರ್ಬುರೇಟರ್ ಹೋಗಿ, ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ಕಾಳಿ ನದಿಯ ಕದ್ರಾ ವಿದ್ಯುದಾಗಾರ ಕೆಲಸ ಆರಂಭಿಸಿ, ಕೈಗಾದ ಮೊದಲ ಅಣು ವಿದ್ಯುತ್ ಘಟಕಗಳು ಉತ್ಪಾದನೆಗೆ ಇಳಿದ ಕಾಲವೂ ಅದೇ. ಸಂಬಳದ ನೌಕರಿಯ ಜತೆಗೆ ಕದ್ರಾ, ಮಲ್ಲಾಪುರದ ವಸತಿ ಪ್ರದೇಶಗಳಿಗೆ ಬಂದ ಹೊಸ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಈ ತಲೆಮಾರಿನವು. ಇಂಜೆಕ್ಟರಿಗೆ ಪೆಟ್ರೋಲ್ 3ರಿಂದ 4 ಬಾರ್ ಒತ್ತಡದಲ್ಲಿ ತಲುಪಬೇಕು. ಅದಕ್ಕಾಗಿ ಪಂಪು ವಿದ್ಯುತ್ ಚಾಲಿತವಾಗಿ ಟ್ಯಾಂಕಿನೊಳಗೆ ಸೇರಿತು. ಫಿಲ್ಟರ್ ಮೊದಲು ಕಾರಿನ ಹೊಟ್ಟೆಯಡಿಯ ಲೋಹದ ಡಬ್ಬಿಯಾಯಿತು. ಕೆಲವು ವರ್ಷಗಳಲ್ಲಿ ಅದೂ ಟ್ಯಾಂಕಿನೊಳಕ್ಕೆ ಹೋಯಿತು. ಈಗಿನ ಬಹುತೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಪಂಪು, ಒತ್ತಡ ನಿಯಂತ್ರಕ, ಮಟ್ಟ ತೋರಿಸುವ ತೇಲುಗುಂಡು, ತಳದ ನೈಲಾನ್ ಜಾಳಿಗೆ, ಸೂಕ್ಷ್ಮ ಫಿಲ್ಟರ್ ಎಲ್ಲವೂ ಒಂದೇ ಜೋಡಣೆಯಾಗಿ, ಹಿಂಬದಿ ಸೀಟಿನ ಕೆಳಗಿನ ಮುಚ್ಚಳದಡಿ ಪೆಟ್ರೋಲಿನಲ್ಲಿ ಮುಳುಗಿರುತ್ತವೆ. ಕೆಲವು ಮಾದರಿಗಳಲ್ಲಿ ಆ ಮುಚ್ಚಳವೂ ಇಲ್ಲ, ಟ್ಯಾಂಕನ್ನೇ ಕೆಳಗಿಳಿಸಬೇಕು.

ಈ ಬದಲಾವಣೆಯನ್ನು ಕೆಡುಕೆಂದು ತಳ್ಳಿಹಾಕಲಾಗದು. ತುಕ್ಕು ಹಿಡಿಯುತ್ತಿದ್ದ ತಗಡಿನ ಟ್ಯಾಂಕಿನ ಬದಲು ಪ್ಲಾಸ್ಟಿಕ್ ಟ್ಯಾಂಕು ಬಂದದ್ದರಿಂದ ಒಳಗೇ ಹುಟ್ಟುತ್ತಿದ್ದ ಕಸ ಕಡಿಮೆಯಾಯಿತು. ಎಂಜಿನ್ನಿನಿಂದ ಬಿಸಿ ಪೆಟ್ರೋಲ್ ಹಿಂದಿರುಗುವ ಪೈಪು ತಪ್ಪಿತು. ಆವಿ ಹೊರಗೆ ಹೋಗದಂತೆ ವ್ಯವಸ್ಥೆ ಮುಚ್ಚಿಕೊಂಡಿತು. ಪಂಪು ಎಂಜಿನ್ನಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಪೆಟ್ರೋಲನ್ನು ಎತ್ತಿ, ಮಿಕ್ಕದ್ದನ್ನು ಟ್ಯಾಂಕಿನೊಳಗೇ ಬಿಡುತ್ತದೆ. ಹೀಗಾಗಿ ಒಮ್ಮೆ ತುಂಬಿಸಿದ ಪೆಟ್ರೋಲ್ ಜಾಳಿಗೆಯ ಮೂಲಕ ಹಲವು ಬಾರಿ ಹಾದುಹೋಗುತ್ತದೆ. ಒಳ್ಳೆಯ ಪೆಟ್ರೋಲ್ ಸಿಗುವ ಕಡೆ ಇಂಥ ಫಿಲ್ಟರ್ ಕಾರಿನಷ್ಟೇ ಬಾಳುತ್ತದೆ ಎಂಬ ತಯಾರಕರ ಮಾತಿಗೆ ಆಧಾರ ಇಲ್ಲದಿಲ್ಲ. ಹೋದದ್ದು ಕಣ್ಣಳತೆ. ಗಾಜಿನ ಬಟ್ಟಲು ತೋರಿಸುತ್ತಿದ್ದ ಕೆಸರನ್ನು ಇಂದು ಯಾವ ಮೀಟರೂ ತೋರಿಸುವುದಿಲ್ಲ.

ಇಂಧನವೂ ಬದಲಾಯಿತು

ಫಿಲ್ಟರ್ ಮರೆಯಾದ ವರ್ಷಗಳಲ್ಲೇ ಅದರ ಮೂಲಕ ಹರಿಯುವ ದ್ರವದ ಸ್ವರೂಪವೂ ಬೇರೆಯಾಯಿತು. 2017ರಲ್ಲಿ ದೇಶದಾದ್ಯಂತ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಇಂಧನ ಬಂತು. ಗಂಧಕದ ಮಿತಿ 10 ಲಕ್ಷ ಭಾಗಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳಿಯಿತು. ಗಾಳಿಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಅದಕ್ಕಿಂತ ಹೆಚ್ಚು ಜನರ ಬಾಯಿಗೆ ಬಿದ್ದದ್ದು ಎಥೆನಾಲ್.

ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಕೆಲವೇ ರಾಜ್ಯಗಳಲ್ಲಿ ಶೇ 5ರ ಗುರಿಯೊಂದಿಗೆ ಆರಂಭವಾಗಿ ಬಹುಕಾಲ ಕುಂಟುತ್ತಿತ್ತು. 2018ರ ಜೈವಿಕ ಇಂಧನ ನೀತಿಯ ನಂತರ ಅದಕ್ಕೆ ವೇಗ ಬಂತು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇ 20ರ ಮಿಶ್ರಣಕ್ಕೆ ಚಾಲನೆ ಸಿಕ್ಕಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ 2025ರಲ್ಲೇ ಸಾಧಿತವಾಯಿತು. ಕಬ್ಬು ಬೆಳೆಗಾರರಿಗೆ ಹಣ ಬೇಗ ಸಿಗುತ್ತದೆ, ಕಚ್ಚಾ ತೈಲದ ಆಮದು ಖರ್ಚು ಇಳಿಯುತ್ತದೆ ಎಂಬ ಸಮರ್ಥನೆಯಲ್ಲಿ ಹುರುಳಿದೆ. ನಮ್ಮ ಜಿಲ್ಲೆಯ ಹಳಿಯಾಳದಲ್ಲೇ ಸಕ್ಕರೆ ಕಾರ್ಖಾನೆಯ ಜತೆ ಡಿಸ್ಟಿಲರಿ ಇದೆ. ಘಟ್ಟದ ಮೇಲಿನ ಕಬ್ಬಿನ ಗದ್ದೆಗೂ ಕರಾವಳಿಯ ಕಾರಿನ ಟ್ಯಾಂಕಿಗೂ ಇರುವ ಸಂಬಂಧ ದೂರದ್ದೇನೂ ಅಲ್ಲ.

ಫಿಲ್ಟರಿನ ಮಟ್ಟಿಗೆ ಎಥೆನಾಲಿನ ಎರಡು ಗುಣಗಳನ್ನು ಗಮನಿಸಬೇಕು. ಒಂದು, ಅದು ಒಳ್ಳೆಯ ದ್ರಾವಕ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ, ಪೈಪಿನ ಒಳಮೈಗೆ ಅಂಟಿಕೊಂಡಿದ್ದ ಅಂಟು ಅಂಟಾದ ಜಿಗುಟನ್ನು ಅದು ಸಡಿಲಿಸುತ್ತದೆ. ಸಡಿಲವಾದದ್ದು ಹೋಗಿ ಸೇರುವುದು ಫಿಲ್ಟರಿಗೆ. ಹದಿನೈದು ವರ್ಷದ ಕಾರಿಗೆ ಹೊಸ ಮಿಶ್ರಣ ಬಿದ್ದ ಕೆಲವು ತಿಂಗಳಲ್ಲಿ ಸ್ಟಾರ್ಟಿಂಗ್ ತೊಂದರೆ ಕಂಡುಬಂದರೆ, ಎಥೆನಾಲ್ ಎಂಜಿನ್ನನ್ನು ತಿಂದುಹಾಕಿತೆಂದು ಹೆದರುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸಬೇಕು. ಇನ್ನೊಂದು, ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿಯೊಳಗೆ ಇದು ಉಪಕಾರವೇ. ತಳದಲ್ಲಿ ಬೇರೆಯಾಗಿ ನಿಲ್ಲಬೇಕಾದ ಅಲ್ಪಸ್ವಲ್ಪ ನೀರು ಪೆಟ್ರೋಲಿನಲ್ಲಿ ಕರಗಿ ಉರಿದುಹೋಗುತ್ತದೆ. ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗೆ ಇಳಿಯುತ್ತವೆ. ಪಂಪಿನ ಬಾಯಿ ಇರುವುದೂ ಅಲ್ಲೇ.

ಮೈಲೇಜಿನ ತಕರಾರು ಫಿಲ್ಟರಿನದ್ದಲ್ಲವಾದರೂ ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ, ಹಾಗಾಗಿ ಹೇಳಬೇಕಾಗಿದೆ. ಎಥೆನಾಲಿನ ಶಾಖಮೌಲ್ಯ ಪೆಟ್ರೋಲಿನ ಮೂರನೇ ಎರಡರಷ್ಟು. ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 20ರ ಮಿಶ್ರಣದಿಂದ ಇಂಧನ ಕ್ಷಮತೆ ಶೇ 6ರಿಂದ 7ರಷ್ಟು ಇಳಿಯಬಹುದೆಂದು 2021ರ ಸರ್ಕಾರಿ ತಜ್ಞರ ವರದಿಯೇ ಅಂದಾಜಿಸಿತ್ತು. ಶೇ 10ಕ್ಕೆ ರೂಪಿಸಿ ಶೇ 20ಕ್ಕೆ ಹೊಂದಿಸಿದ ವಾಹನಗಳಲ್ಲಿ ಈ ಇಳಿಕೆ ಶೇ 1ರಿಂದ 2. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅದಕ್ಕೂ ಮುನ್ನ, ಆಗಸ್ಟ್‌ನಲ್ಲಿ ಹೊರಬಂದ ಸರ್ಕಾರಿ ಸ್ಪಷ್ಟನೆ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದಿತ್ತು. ಆ ಅಗ್ಗದ ಕೆಲಸ ಯಾವ ಮಾದರಿಯ ಯಾವ ಭಾಗಕ್ಕೆ ಎಂಬ ಪಟ್ಟಿ ಗ್ಯಾರೇಜುಗಳ ಗೋಡೆಗೆ ಬಂದಿಲ್ಲ.

ನೀರು ಎಲ್ಲಿಂದ ಬರುತ್ತದೆ

ಕಾರವಾರ, ಅಂಕೋಲಾದಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಹಾಕಿದ ಬಟ್ಟೆಯೇ ಒಣಗದ ಊರಿನಲ್ಲಿ, ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿಯ ತೇವ ಇಳಿದು ಪೆಟ್ರೋಲ್ ಕೆಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಲೆಕ್ಕ ಹಾಕಿದರೆ ನಂಬಿಕೆ ಅಷ್ಟು ಗಟ್ಟಿ ನಿಲ್ಲುವುದಿಲ್ಲ. 30 ಡಿಗ್ರಿ ಉಷ್ಣಾಂಶದಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 40 ಲೀಟರ್ ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿ 20 ಲೀಟರ್, ಅದರಲ್ಲಿನ ನೀರು ಹೆಚ್ಚೆಂದರೆ ಅರ್ಧ ಗ್ರಾಂ ಚಿಲ್ಲರೆ. ಶೇ 10ರ ಮಿಶ್ರಣವೇ 15 ಡಿಗ್ರಿಯಲ್ಲಿ ತನ್ನ ಗಾತ್ರದ ಸುಮಾರು ಶೇ 0.5ರಷ್ಟು ನೀರನ್ನು ಕರಗಿಸಿಕೊಳ್ಳಬಲ್ಲದು. ಎಂದರೆ 20 ಲೀಟರಿಗೆ 100 ಮಿಲಿಲೀಟರ್. ಶೇ 20ರ ಮಿಶ್ರಣ, ನಮ್ಮ ಸೆಕೆ, ಎರಡೂ ಸೇರಿದರೆ ಮಿತಿ ಇನ್ನೂ ಮೇಲೇರುತ್ತದೆ. ಗಾಳಿಯ ತೇವವೊಂದರಿಂದಲೇ ಪೆಟ್ರೋಲ್ ಒಡೆಯಬೇಕಾದರೆ ಟ್ಯಾಂಕಿನ ಗಾಳಿ ನೂರೈವತ್ತಕ್ಕೂ ಹೆಚ್ಚು ಬಾರಿ ಹೊಸದಾಗಿ ತುಂಬಿ, ಪ್ರತಿ ಬಾರಿಯೂ ತನ್ನ ನೀರನ್ನೆಲ್ಲ ಕೊಟ್ಟು ಹೋಗಬೇಕು. ಮುಚ್ಚಿದ ವ್ಯವಸ್ಥೆಯ ಈಗಿನ ಕಾರಿನಲ್ಲಿ ಅದು ನಡೆಯುವ ಮಾತಲ್ಲ.

ಹಾಗಾದರೆ ಮಳೆಗಾಲದ ತೊಂದರೆ ಸುಳ್ಳೇ? ಅಲ್ಲ. ನೀರು ಟ್ಯಾಂಕಿಗೆ ಗಾಳಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಬಂಕಿನ ನಳಿಕೆಯಿಂದ ಬರುತ್ತದೆ. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು, ಅದರ ಮುಚ್ಚಳ, ಟ್ಯಾಂಕರಿನಿಂದ ತುಂಬಿಸುವ ಬಾಯಿ, ಈ ಮೂರರಲ್ಲಿ ಎಲ್ಲಿ ಸಡಿಲವಿದ್ದರೂ ಅಂಗಳದಲ್ಲಿ ನಿಂತ ಮಳೆನೀರು ಒಳಗಿಳಿಯುತ್ತದೆ. 2025ರ ಜೂನ್ ಕೊನೆಯಲ್ಲಿ ಮಧ್ಯಪ್ರದೇಶದ ರತ್ಲಾಮ್ ಬಳಿ ಮುಖ್ಯಮಂತ್ರಿಯ ಬೆಂಗಾವಲಿನ 19 ವಾಹನಗಳು ಒಂದೇ ಬಂಕಿನಲ್ಲಿ ಡೀಸೆಲ್ ತುಂಬಿಸಿಕೊಂಡು ಸ್ವಲ್ಪ ದೂರದಲ್ಲೇ ಒಂದೊಂದಾಗಿ ನಿಂತವು. ಡೀಸೆಲ್‌ನಲ್ಲಿ ನೀರಿತ್ತು. ಸಾಮಾನ್ಯರ ಕಾರು ಹೀಗೆ ನಿಂತರೆ ಸುದ್ದಿಯಾಗುವುದಿಲ್ಲ, ಕಾರಣವೂ ತಿಳಿಯುವುದಿಲ್ಲ.

ಕದ್ರಾದ ಕೆಳಭಾಗದ ಊರುಗಳಿಗೆ ಇದಕ್ಕಿಂತ ನೇರವಾದ ದಾರಿಯೊಂದು ಗೊತ್ತು. 2019ರ ಆಗಸ್ಟ್‌ನಲ್ಲಿ ಜಲಾಶಯದ ಗೇಟುಗಳನ್ನು ತೆರೆದು ನೀರು ಬಿಟ್ಟಾಗ, ಮತ್ತೆ 2021ರ ಜುಲೈನಲ್ಲಿ, ಕಾಳಿ ದಂಡೆಯ ಮನೆ, ತೋಟಗಳಿಗೆ ನೀರು ನುಗ್ಗಿತು. ಅಂಗಳದಲ್ಲಿ ನಿಂತಿದ್ದ ವಾಹನಗಳೂ ಮುಳುಗಿದವು. ಗಂಗಾವಳಿ ನದಿಯ ದಂಡೆಯಲ್ಲೂ ಇದೇ ಕತೆ. ಮುಳುಗಿದ ಕಾರಿನ ಎಂಜಿನ್ ಆಯಿಲ್, ವೈರಿಂಗ್, ಸೀಟುಗಳ ಬಗ್ಗೆ ವಿಮೆಯ ಸರ್ವೇಯರ್ ಕೂಡ ವಿಚಾರಿಸುತ್ತಾನೆ. ಟ್ಯಾಂಕಿನ ಉಸಿರು ನಳಿಕೆಯ ಮೂಲಕ ಒಳಹೊಕ್ಕಿರಬಹುದಾದ ಕೆಸರು ನೀರಿನ ವಿಚಾರ ಎಷ್ಟೋ ಸಲ ಬಿಟ್ಟೇಹೋಗುತ್ತದೆ. ತೊಳೆದು ಒರೆಸಿ ಸ್ಟಾರ್ಟ್ ಮಾಡಿದ ಕಾರು ಆಗ ಓಡುತ್ತದೆ. ನುಣ್ಣನೆಯ ಹೂಳು ಫಿಲ್ಟರಿನಲ್ಲಿ ಕೂತು ಪಂಪನ್ನು ಏದುಸಿರು ಬಿಡಿಸುವುದು ತಿಂಗಳುಗಳ ನಂತರ. ಅಷ್ಟರೊಳಗೆ ಕಾರು ಮಾರಾಟವಾಗಿ ಬೇರೆ ತಾಲ್ಲೂಕು ಸೇರಿರಲೂ ಸಾಕು.

ಇನ್ನೂ ಒಂದು ಮೂಲವಿದೆ. ಬಂಕು ದೂರವಿರುವ ಒಳನಾಡಿನ ಊರುಗಳಲ್ಲಿ ಪೆಟ್ರೋಲ್ ಕ್ಯಾನಿನಲ್ಲಿ, ಬಾಟಲಿಯಲ್ಲಿ ಪ್ರಯಾಣ ಮಾಡುತ್ತದೆ. ಕೊಳವೆ, ಲಾಳಿಕೆ, ಮುಚ್ಚಳ ಇಲ್ಲದ ಕ್ಯಾನುಗಳ ಮೂಲಕ ಮರಳು, ನಾರು, ನೀರಿನ ಹನಿ ಎಲ್ಲವೂ ಟ್ಯಾಂಕು ಸೇರುತ್ತವೆ. ಕಾರವಾರದವರು ಮಾಜಾಳಿ ಗಡಿ ದಾಟಿ ಪೋಳೆಯಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಬರುವುದು ಹೊಸತಲ್ಲ. 2012ರಲ್ಲಿ ಗೋವಾ ತನ್ನ ತೆರಿಗೆ ಇಳಿಸಿದಾಗಿನಿಂದ ಅದು ರೂಢಿಯೇ ಆಯಿತು. ಕಾರಿನ ಟ್ಯಾಂಕಿಗೆ ನೇರವಾಗಿ ತುಂಬಿಸಿದರೆ ಅದರಿಂದ ಕೇಡಿಲ್ಲ. ಉಳಿತಾಯದ ಆಸೆಗೆ ಕ್ಯಾನುಗಳೂ ಜತೆಗೆ ಬಂದಾಗ ಸುರಕ್ಷತೆಯೂ ಶುದ್ಧತೆಯೂ ಒಟ್ಟಿಗೆ ಕೆಡುತ್ತವೆ.

ಡೀಸೆಲ್‌ನ ಲೆಕ್ಕ ಬೇರೆ

ಪೆಟ್ರೋಲ್ ಕಾರಿನ ಬಗ್ಗೆ ಇಷ್ಟು ಸಮಾಧಾನದ ಮಾತು ಆಡಬಹುದು, ಡೀಸೆಲ್ ಕಾರಿನ ಬಗ್ಗೆ ಆಡಲಾಗದು. 2020ರಲ್ಲಿ ಹೊಗೆ ನಿಯಮ ಬಿಗಿಯಾದ ಮೇಲೆ ಸಣ್ಣ ಡೀಸೆಲ್ ಕಾರುಗಳ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಯಿತು. ಅದಕ್ಕೆ ಮೊದಲು ಮಾರಾಟವಾದ ಕಾರುಗಳು ಟ್ಯಾಕ್ಸಿಗಳಾಗಿ, ಎರಡನೇ ಮೂರನೇ ಕೈಯ ಮನೆವಾಹನಗಳಾಗಿ ಇಂದಿಗೂ ಜಿಲ್ಲೆಯ ರಸ್ತೆಯಲ್ಲಿವೆ. ಅವುಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ 1,600 ಬಾರ್ ತಲುಪುತ್ತದೆ. ಇಂಜೆಕ್ಟರಿನೊಳಗಿನ ಲೋಹದ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ ಎಂಬುದನ್ನು ನೆನೆದರೆ ಅಂತರದ ಅಂದಾಜಾಗುತ್ತದೆ. ಡೀಸೆಲ್‌ನಲ್ಲಿ ನೀರು ಕರಗುವುದಿಲ್ಲವೆಂದೇ ಹೇಳಬೇಕು. ಒಂದು ಚಮಚ ನೀರೂ ಬೇರೆಯಾಗಿಯೇ ಉಳಿಯುತ್ತದೆ. ಅದು ಇಂಜೆಕ್ಟರಿನವರೆಗೆ ತಲುಪಿದರೆ ಲೋಹವನ್ನು ಸವೆಸುತ್ತದೆ, ತುಕ್ಕು ಹಿಡಿಸುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದು ಕಪ್ಪು ಲೋಳೆಯಾಗುತ್ತದೆ. ಬೆಚ್ಚನೆಯ ತೇವದ ಕರಾವಳಿ ಅದಕ್ಕೆ ಹೇಳಿಮಾಡಿಸಿದ ವಾತಾವರಣ.

ಈ ಕಾರಣಕ್ಕೇ ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸಂಗ್ರಹವಾಗುವ ಜಾಗ, ಅದನ್ನು ಹರಿಯಬಿಡುವ ತಿರುಪು, ಹಲವು ಮಾದರಿಗಳಲ್ಲಿ ಎಚ್ಚರಿಸುವ ದೀಪ ಇರುತ್ತವೆ. ಫಿಲ್ಟರ್ ಬದಲಿಸುವ ಅವಧಿ ಮಾದರಿಗೆ ತಕ್ಕಂತೆ ಸಾಮಾನ್ಯವಾಗಿ 20,000ದಿಂದ 40,000 ಕಿ.ಮೀ. ನಡುವೆ. ನಡುವಿನ ಅವಧಿಯಲ್ಲಿ ನೀರು ತೆಗೆಯುವ ಕೆಲಸವನ್ನು ಕೈಪಿಡಿ ಹೇಳುತ್ತದೆ, ಬಿಲ್ಲಿನಲ್ಲಿ ಅದು ಕಾಣುವುದು ಅಪರೂಪ. ಒಂದು ಇಂಜೆಕ್ಟರಿನ ಬೆಲೆಯೇ ಹತ್ತು ಸಾವಿರ ರೂಪಾಯಿ ದಾಟುವಾಗ, ಕಾರಿನ ಮಾರುಕಟ್ಟೆ ಬೆಲೆಯೇ ಲಕ್ಷದ ಆಸುಪಾಸಿನಲ್ಲಿರುವ ಮಾಲೀಕನಿಗೆ ದುರಸ್ತಿಗಿಂತ ಗುಜರಿಯೇ ವಾಸಿ ಎನಿಸಿದರೆ ಅಚ್ಚರಿಯಿಲ್ಲ.

‘ಜೀವಿತಾವಧಿ’ ಯಾರ ಲೆಕ್ಕದಲ್ಲಿ?

ಹಲವು ಪೆಟ್ರೋಲ್ ಕಾರುಗಳ ಸರ್ವಿಸ್ ಪಟ್ಟಿಯಲ್ಲಿ ಫ್ಯೂಯಲ್ ಫಿಲ್ಟರ್ ಎಂಬ ಸಾಲೇ ಇಲ್ಲ. ಇದ್ದರೂ ಎಷ್ಟೋ ಮುಂದಿನ ಕಿಲೊಮೀಟರಿಗೆ ತಳ್ಳಲಾಗಿದೆ. ತಯಾರಕರ ವಾದವನ್ನು ಮೇಲೆ ನೋಡಿದೆವು. ಅನವಶ್ಯಕವಾಗಿ ಟ್ಯಾಂಕು ತೆರೆಯುವುದೇ ಅಪಾಯ ಎಂಬುದನ್ನೂ ಅದಕ್ಕೆ ಸೇರಿಸಬೇಕು. ಒತ್ತಡ ಇಳಿಸದೆ ಪೈಪು ಕಳಚಿದರೆ ಪೆಟ್ರೋಲ್ ಚಿಮ್ಮುತ್ತದೆ, ಹತ್ತಿರದಲ್ಲಿ ಬೆಂಕಿಯ ಕಿಡಿಯಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಕೈಹಾಕುವ ಕ್ರಮವನ್ನು ಬಲ್ಲ ಮೆಕ್ಯಾನಿಕ್ ಎಲ್ಲ ಕಡೆಯೂ ಇರುವುದಿಲ್ಲ. ಮುಚ್ಚಳದ ರಬ್ಬರ್ ಉಂಗುರವನ್ನು ಹಳೆಯದನ್ನೇ ಕೂರಿಸಿದರೆ ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ ತುಂಬುತ್ತದೆ.

ಇನ್ನೊಂದು ಬದಿಯ ವಾದಕ್ಕೂ ತೂಕವಿದೆ. ‘ಜೀವಿತಾವಧಿ’ ಎಂದರೆ ವಾರಂಟಿಯ ಜೀವಿತವೋ, ಮೊದಲ ಮಾಲೀಕನ ಕೈಯಲ್ಲಿನ ಜೀವಿತವೋ, 15 ವರ್ಷದ ನೋಂದಣಿಯ ಜೀವಿತವೋ? ಮಹಾನಗರದಲ್ಲಿ ಏಳೆಂಟು ವರ್ಷ ಓಡಿ ಮಾರಾಟವಾಗುವ ಕಾರು ಕಾರವಾರ, ಅಂಕೋಲಾ, ಕುಮಟೆಯಲ್ಲಿ ಇನ್ನೂ ಅಷ್ಟೇ ವರ್ಷ ಬಾಳುತ್ತದೆ. ಆ ಎರಡನೇ ಜೀವಿತವನ್ನು ಯಾವ ಸರ್ವಿಸ್ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಫಿಲ್ಟರ್ ಕಟ್ಟಿಕೊಂಡಾಗ ಪಂಪು ಹೆಚ್ಚು ದುಡಿಯುತ್ತದೆ. ಸುತ್ತಲಿನ ಪೆಟ್ರೋಲೇ ಅದಕ್ಕೆ ತಂಪು ಕೊಡಬೇಕಾದದ್ದರಿಂದ, ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸವೂ ಸೇರಿಕೊಂಡರೆ ಅದು ಬೇಗ ಸುಡುತ್ತದೆ. ಆಗ ಗ್ರಾಹಕನಿಗೆ ಬರುವ ಉತ್ತರ: ಫಿಲ್ಟರ್ ಬಿಡಿಯಾಗಿ ಬರುವುದಿಲ್ಲ, ಪೂರ್ತಿ ಜೋಡಣೆಯನ್ನೇ ಹಾಕಬೇಕು. ನೂರರ ಲೆಕ್ಕದ ಖರ್ಚು ಸಾವಿರಗಳಿಗೆ ಏರುವುದು ಹೀಗೆ. ಬಿಡಿಭಾಗ ಮತ್ತು ದುರಸ್ತಿ ಮಾಹಿತಿ ಗ್ರಾಹಕನಿಗೆ ಸಿಗಬೇಕೆಂಬ ‘ದುರಸ್ತಿಯ ಹಕ್ಕು’ ಚೌಕಟ್ಟಿನಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ವಾಹನ ಕ್ಷೇತ್ರವನ್ನೂ ಸೇರಿಸಿದೆ. ಟ್ಯಾಂಕಿನೊಳಗಿನ ಫಿಲ್ಟರ್ ಅದರ ವ್ಯಾಪ್ತಿಗೆ ಬರಬೇಕಾದ ಸ್ಪಷ್ಟ ಉದಾಹರಣೆ.

ನೋಂದಣಿ ನವೀಕರಣದ ವ್ಯವಸ್ಥೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. 15 ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆಗೆ ಒಯ್ದು ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅಲ್ಲಿ ಹೊಗೆ, ಬ್ರೇಕು, ದೀಪಗಳಿಗೆ ಸಿಗುವ ಗಮನ ಪೆಟ್ರೋಲ್ ಪೈಪಿಗೆ ಸಿಗುವುದಿಲ್ಲ. ಶೇ 20ರ ಮಿಶ್ರಣ ಬರುವ ಎಷ್ಟೋ ವರ್ಷ ಮೊದಲು ತಯಾರಾದ ರಬ್ಬರ್ ಪೈಪು ಬಿರಿದಿದೆಯೇ ಎಂದು ಬಗ್ಗಿ ನೋಡುವುದಕ್ಕೆ ಐದು ನಿಮಿಷ ಸಾಕು.

ಬಂಕಿನ ಹೊಣೆ, ಮಾಲೀಕನ ಹೊಣೆ

ಬಂಕಿನಲ್ಲಿ ಫಿಲ್ಟರ್ ಕಾಗದದ ಪರೀಕ್ಷೆ ಕೇಳುವ ಹಕ್ಕು ಗ್ರಾಹಕನಿಗಿದೆ. ಸಾಂದ್ರತೆಯನ್ನು ಅಳೆದು, ದಾಖಲೆಯಲ್ಲಿನ ಅಂಕಿಗೆ ಹೋಲಿಸಿ ತೋರಿಸೆಂದು ಕೇಳಬಹುದು. ಇವುಗಳ ಮಿತಿಯನ್ನೂ ಅರಿತಿರಬೇಕು. ಕಾಗದದ ಮೇಲೆ ಹನಿಸಿದ ಪೆಟ್ರೋಲ್ ಕಲೆ ಬಿಡದೆ ಆರಿದರೆ ಜಿಡ್ಡಿನ ಕಲಬೆರಕೆ ಇಲ್ಲವೆಂದಷ್ಟೇ ಅರ್ಥ. ನೀರಿನ ಬಗ್ಗೆ ಅದು ಏನನ್ನೂ ಹೇಳದು. ನೆಲದಡಿಯ ಟ್ಯಾಂಕಿನ ನೀರನ್ನು ಪತ್ತೆಹಚ್ಚುವುದು ಅಳತೆಗೋಲಿಗೆ ಹಚ್ಚುವ, ನೀರು ತಾಗಿದರೆ ಬಣ್ಣ ಬದಲಿಸುವ ಲೇಪದಿಂದ. ಅದು ಬಂಕಿನವರೇ ಮಾಡಬೇಕಾದ ಕೆಲಸ. ಮಳೆ ಜೋರಾದ ದಿನಗಳಲ್ಲಿ ಆ ಪರೀಕ್ಷೆಯ ಸಮಯ ಮತ್ತು ಫಲಿತಾಂಶವನ್ನು, ದಿನದ ದರದ ಫಲಕದ ಪಕ್ಕದಲ್ಲೇ ಬರೆದಿಟ್ಟರೆ ಗುಮಾನಿಯ ಅರ್ಧ ಭಾಗ ಅಲ್ಲೇ ಇಳಿಯುತ್ತದೆ.

ಮಾಲೀಕರ ಕಡೆಯಿಂದ ನೋಡಿದರೆ ಎರಡು ಅತಿಗಳು ಕಾಣುತ್ತವೆ. ಕೆಟ್ಟು ನಿಲ್ಲುವವರೆಗೆ ಮುಟ್ಟದವರು ಒಂದು ಕಡೆ. ಎಥೆನಾಲಿಗೆ ಹೆದರಿ ಪ್ರತಿ ಸರ್ವಿಸಿಗೂ ಬಾಟಲಿಗಟ್ಟಲೆ ‘ಕ್ಲೀನರ್’ ಸುರಿಯುವವರು ಇನ್ನೊಂದು ಕಡೆ. ಬೇರ್ಪಟ್ಟು ತಳಕ್ಕಿಳಿದ ನೀರನ್ನು ಯಾವ ಬಾಟಲಿಯೂ ಮಾಯ ಮಾಡಲಾರದು, ಟ್ಯಾಂಕು ಇಳಿಸಿ ಬರಿದು ಮಾಡುವುದೊಂದೇ ದಾರಿ. ಹೊರಗಿನ ಲೋಹದ ಡಬ್ಬಿಯ ಫಿಲ್ಟರ್ ಇರುವ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಕೈಪಿಡಿಯ ಅವಧಿಯನ್ನೇ, ಹೆಚ್ಚೆಂದರೆ 40,000 ಕಿ.ಮೀ. ಆಸುಪಾಸನ್ನೇ ಪಾಲಿಸಿ ಬದಲಿಸಿದರೆ ಸಾಕು. ಡಬ್ಬಿಯ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗಿರಬೇಕು. ಟ್ಯಾಂಕಿನೊಳಗಿನ ಫಿಲ್ಟರಾದರೆ, ಬರಿಯ ಕಿಲೊಮೀಟರ್ ನೋಡಿ ತೆರೆಯುವುದಕ್ಕಿಂತ, ಗೇಜ್ ಹಚ್ಚಿ ಪೆಟ್ರೋಲಿನ ಒತ್ತಡ ಅಳೆದು ತೀರ್ಮಾನಿಸುವುದು ಹೆಚ್ಚು ಸರಿಯಾದ ಕ್ರಮ. ಇಂಧನ ಕಡಿಮೆ, ಗಾಳಿ ಹೆಚ್ಚು ಎಂದು ಸ್ಕ್ಯಾನರ್ ಯಂತ್ರ ಹೇಳಿದಾಗ ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು ಈ ಅಳತೆ ಆಗಬೇಕು. ನೆರೆಯಲ್ಲಿ ಮುಳುಗಿದ ಕಾರಿಗೆ ಮಾತ್ರ ಇಂಥ ವಿನಾಯಿತಿ ಇಲ್ಲ. ಟ್ಯಾಂಕು ಬರಿದು ಮಾಡಿ ಫಿಲ್ಟರ್ ಬದಲಿಸುವವರೆಗೆ ಕೀಲಿ ತಿರುಗಿಸಬಾರದು.

ಈ ಲೇಖಕನ ಅಭಿಪ್ರಾಯದಲ್ಲಿ ದೋಷವನ್ನು ಎಥೆನಾಲಿನ ತಲೆಗೆ ಕಟ್ಟುವುದು ಸುಲಭ, ಆದರೆ ಅರ್ಧ ನ್ಯಾಯ. ಹೊಸ ಕಾರುಗಳು ಅದಕ್ಕೆಂದೇ ರೂಪಿತವಾಗಿವೆ, ಹಳೆಯವೂ ಸ್ವಲ್ಪ ಜಾಗ್ರತೆಯಿಂದ ನಿಭಾಯಿಸಬಲ್ಲವು. ಆ ಜಾಗ್ರತೆ ಯಾವುದೆಂದು ಮಾದರಿವಾರು ಹೇಳಬೇಕಾದವರು ಹೇಳದಿರುವುದು ಹೆಚ್ಚು ಗಂಭೀರವಾದ ಲೋಪ. ಕೈಪಿಡಿಗಳಲ್ಲಿ ‘ಕಠಿಣ ಬಳಕೆ’ ಎಂಬ ವಿಭಾಗ ಈಗಾಗಲೇ ಇದೆ. ದೂಳಿನ ರಸ್ತೆ, ಭಾರ ಎಳೆಯುವಿಕೆ, ಅತಿ ಸೆಕೆ ಅದರಲ್ಲಿ ಬರುತ್ತವೆ. ನಾಲ್ಕು ತಿಂಗಳ ಮಳೆ, ನೆರೆಯ ದಂಡೆ, ದಿನವೂ ಘಟ್ಟದ ಏರು ಇರುವ ಪ್ರದೇಶವೂ ಅದೇ ಪಟ್ಟಿಗೆ ಸೇರಬೇಕು, ಫ್ಯೂಯಲ್ ಫಿಲ್ಟರಿಗೆ ಅಲ್ಲೊಂದು ಸಾಲು ಸಿಗಬೇಕು. ಶೇ 20ಕ್ಕಿಂತ ಹೆಚ್ಚಿನ ಮಿಶ್ರಣದ ಮಾತು ದೆಹಲಿಯಲ್ಲಿ ಈಗಾಗಲೇ ಶುರುವಾಗಿದೆ. ಹೊಸ ಪ್ರಮಾಣ ಬಂಕಿಗೆ ಬರುವ ಮೊದಲು ಆ ಸಾಲು ಕೈಪಿಡಿಗೆ ಬಂದರೆ, ಕದ್ರಾದ ಗ್ಯಾರೇಜಿನ ಮೆಕ್ಯಾನಿಕ್ ಪ್ಲಗ್ ಬಿಚ್ಚುವ ಮೊದಲು ಹಿಂದಿನ ಸೀಟು ಎತ್ತಿ ನೋಡಿಯಾನು.